ಹೆತ್ತವರೂ ಕಲಿತರು, ಶಾಲೆಯೂ ಕಲಿಯಿತು

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಸಂಪಾದಕ ಸಮಿತಿಯವರು ಕೇಳಿದಾಗ, ನಾನು ಮೊದಲು ಮಾಡಿದ ಕೆಲಸ ಶಾಲೆಯ ಕಚೇರಿಗೆ ಹೋಗಿ ಹಳೆಯ ದಾಖಲಾತಿ ಪುಸ್ತಕಗಳನ್ನು ಬಿಚ್ಚಿ ಕುಳಿತದ್ದು. ವಿದ್ಯಾರ್ಥಿಯ ಹೆಸರು, ಹುಟ್ಟಿದ ದಿನಾಂಕ, ಜಾತಿ, ಹಿಂದೆ ಓದಿದ ಶಾಲೆ, ಇವೆಲ್ಲ ಅಂಕಣಗಳ ನಡುವೆ ‘ತಂದೆ ಅಥವಾ ಪೋಷಕರ ಹೆಸರು’ ಎಂಬ ಅಂಕಣ, ಅದರ ಪಕ್ಕದಲ್ಲಿ ‘ಉದ್ಯೋಗ’. ಪುಟ ತಿರುವುತ್ತಾ ಹೋದರೆ ಆ ಅಂಕಣದಲ್ಲಿ ಕಾಣುವುದು ಹೆಚ್ಚಾಗಿ ಎರಡೇ ಪದ: ಬೇಸಾಯ, ಕೂಲಿ. ಕೆಲವು ಪುಟಗಳಲ್ಲಿ ಮೇಲೆ ಒಮ್ಮೆ ‘ಕೂಲಿ’ ಎಂದು ಬರೆದು ಕೆಳಗಿನ ಸಾಲುಗಳಿಗೆಲ್ಲ ‘ಸದರಿ’ ಎಂದು ಗುರುತು ಹಾಕಿದ್ದಾರೆ. ತಾಯಿಯ ಹೆಸರಿಗೆ ಆಗ ಅಂಕಣವೇ ಇರಲಿಲ್ಲ.

ಶಾಲೆಯ ಕಟ್ಟಡ, ಫಲಿತಾಂಶ, ಆಟೋಟದ ಬಹುಮಾನ, ಮುಖ್ಯೋಪಾಧ್ಯಾಯರ ಪರಂಪರೆ, ಇವುಗಳ ಬಗ್ಗೆ ಈ ಸಂಚಿಕೆಯಲ್ಲಿ ಬೇರೆಯವರು ಬರೆಯುತ್ತಾರೆ. ಆ ‘ಸದರಿ’ ಎಂಬ ಗುರುತಿನ ಕೆಳಗೆ ಅಡಗಿದ ಹೆತ್ತವರ ಕಥೆಯನ್ನು ನಾನು ಬರೆಯುತ್ತೇನೆ. ಬಡತನದಲ್ಲಿದ್ದ ತಂದೆತಾಯಿಗಳಿಗೆ ನಮ್ಮ ನಾಡು ಏನನ್ನು ಕಲಿಸಲು ಹೊರಟಿತು, ಹೇಗೆ ಕಲಿಸಿತು, ಅದರಲ್ಲಿ ಅವರಿಗೆ ನಿಜಕ್ಕೂ ಆಸರೆಯಾದದ್ದು ಯಾವುದು ಎಂಬುದೇ ಈ ಲೇಖನದ ವಿಷಯ. ಮಕ್ಕಳ ಶಿಕ್ಷಣದ ಚರಿತ್ರೆ ಬರೆದವರು ಬಹಳ ಮಂದಿ. ಹೆತ್ತವರ ಶಿಕ್ಷಣಕ್ಕೂ ಒಂದು ಚರಿತ್ರೆಯಿದೆ. ಅದು ನಮ್ಮ ಶಾಲೆಗಿಂತ ಹಳೆಯದು.

ದಂಡ ಹಾಕುವ ಕಾಲ

ಮಕ್ಕಳನ್ನು ಶಾಲೆಗೆ ಕಳಿಸುವುದು ಕಡ್ಡಾಯ ಎಂಬ ಮಾತು ನಮ್ಮ ದೇಶದಲ್ಲಿ ಬಲವಾಗಿ ಕೇಳಿಬಂದದ್ದು ಕಳೆದ ಶತಮಾನದ ಆರಂಭದಲ್ಲಿ. ಬರೋಡ ಸಂಸ್ಥಾನದ ಸಯಾಜಿರಾವ್ ಗಾಯಕವಾಡರು 1906ರಲ್ಲಿ ತಮ್ಮ ಸಂಸ್ಥಾನದಲ್ಲಿ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯ ಮಾಡಿದರು. 1911ರಲ್ಲಿ ಗೋಪಾಲಕೃಷ್ಣ ಗೋಖಲೆಯವರು ಬ್ರಿಟಿಷ್ ಇಂಡಿಯಾದ ಶಾಸನ ಸಭೆಯಲ್ಲಿ ಇಂಥದೇ ಮಸೂದೆ ಮಂಡಿಸಿದರು. ತಿಂಗಳಿಗೆ 10 ರೂಪಾಯಿಗಿಂತ ಕಡಿಮೆ ವರಮಾನ ಇರುವ ತಂದೆತಾಯಿಗಳಿಂದ ಫೀಸು ತೆಗೆದುಕೊಳ್ಳಬಾರದು ಎಂಬ ಅಂಶ ಅದರಲ್ಲಿತ್ತು. ಬಡವನಿಗೆ ಬರೀ ಆಜ್ಞೆ ಮಾಡಿದರೆ ಸಾಲದು, ಅವನ ಹೊರೆಯನ್ನೂ ಇಳಿಸಬೇಕು ಎಂಬ ವಿವೇಕ ಗೋಖಲೆಯವರಿಗಿತ್ತು. ಮಸೂದೆ ಬಿದ್ದುಹೋಯಿತು. ಮೈಸೂರು ಸಂಸ್ಥಾನದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1913ರಲ್ಲಿ ಪ್ರಾಥಮಿಕ ಶಿಕ್ಷಣದ ಕಾಯಿದೆ ಬಂತು. ಏಕೀಕರಣವಾದ ಮೇಲೆ 1961ರಲ್ಲಿ ಮೈಸೂರು ರಾಜ್ಯದ ಕಡ್ಡಾಯ ಪ್ರಾಥಮಿಕ ಶಿಕ್ಷಣ ಕಾಯಿದೆ ಜಾರಿಯಾಯಿತು.

ಈ ಕಾಯಿದೆಗಳ ಉದ್ದೇಶ ಒಳ್ಳೆಯದೇ. ಆದರೆ ಅವುಗಳಲ್ಲಿ ಹೆತ್ತವರಿಗೆ ಸಿಕ್ಕ ಸ್ಥಾನ ಒಂದೇ: ಮಾತು ಕೇಳದಿದ್ದರೆ ದಂಡ ಕಟ್ಟಬೇಕಾದವರು. ಮಗು ಶಾಲೆಗೆ ಬಾರದಿದ್ದರೆ ತಪ್ಪು ತಂದೆಯದು ಎಂಬ ಲೆಕ್ಕ. ಆದರೆ 1961ರ ಜನಗಣತಿಯ ಪ್ರಕಾರ ನಮ್ಮ ರಾಜ್ಯದಲ್ಲಿ ಓದುಬರಹ ಬಲ್ಲವರು ನೂರಕ್ಕೆ ಸುಮಾರು 25 ಮಂದಿ. ಹೆಂಗಸರಲ್ಲಂತೂ ಸುಮಾರು 14. ನೋಟಿಸು ಕೊಟ್ಟರೆ ಅದನ್ನು ಓದಿಸಿಕೊಳ್ಳಲು ಅವರು ಇನ್ನೊಬ್ಬರ ಮನೆ ಬಾಗಿಲಿಗೆ ಹೋಗಬೇಕಿತ್ತು.

ಮನೆಯೊಳಗಿನ ಲೆಕ್ಕವೇ ಬೇರೆ ಇತ್ತು. ತಾಯಿ ನಾಟಿಗೋ ಕಳೆಗೋ ಹೋದರೆ ಕಂಕುಳ ಕೂಸನ್ನು ನೋಡಿಕೊಳ್ಳುವವಳು ಎಂಟು ವರ್ಷದ ಹಿರಿಮಗಳು. ಅವಳನ್ನು ಶಾಲೆಗೆ ಕಳಿಸಿದರೆ ತಾಯಿಯ ಕೂಲಿ ತಪ್ಪುತ್ತದೆ. ಹತ್ತು ವರ್ಷದ ಹುಡುಗ ದನ ಕಾಯಲು ನಿಂತರೆ ಅವನ ಊಟ ಧಣಿಯ ಮನೆಯಲ್ಲಿ ಸಾಗುತ್ತದೆ. ತಂದೆ ಮಾಡಿದ ಸಾಲಕ್ಕೆ ಮಗನೇ ಜೀತಕ್ಕೆ ನಿಂತ ಮನೆಗಳು ನಮ್ಮ ಸುತ್ತಿನ ಊರುಗಳಲ್ಲೂ ಇದ್ದವು. ಜೀತ ಪದ್ಧತಿಯನ್ನು ರದ್ದು ಮಾಡುವ ಕೇಂದ್ರ ಕಾಯಿದೆ ಬಂದದ್ದು 1976ರಲ್ಲಿ. ಅಲ್ಲಿಯವರೆಗೆ ಆ ತಂದೆಗೆ ‘ಮಗನನ್ನು ಶಾಲೆಗೆ ಕಳಿಸು’ ಎಂದು ಹೇಳುವುದೂ, ‘ನಿನ್ನ ಸಾಲ ಯಾರು ತೀರಿಸುತ್ತಾರೋ ನಮಗೆ ಗೊತ್ತಿಲ್ಲ’ ಎಂದು ಹೇಳುವುದೂ ಒಂದೇ ಆಗಿತ್ತು.

ಲಾಟೀನಿನ ಬೆಳಕಿನಲ್ಲಿ

ದಂಡದ ದಾರಿ ಬಿಟ್ಟು ದೊಡ್ಡವರಿಗೇ ಅಕ್ಷರ ಕಲಿಸೋಣ ಎಂಬ ಯೋಚನೆಯೂ ನಮ್ಮಲ್ಲಿ ಹಳೆಯದು. 1940ರ ದಶಕದಲ್ಲೇ ಮೈಸೂರಿನಲ್ಲಿ ವಯಸ್ಕರ ಶಿಕ್ಷಣದ ಕೆಲಸ ಸಂಘಟಿತವಾಗಿ ಶುರುವಾಗಿತ್ತು. ಮುಂದೆ ವಯಸ್ಕರ ಶಿಕ್ಷಣ ಸಮಿತಿಯು ಹಳ್ಳಿಗಳಲ್ಲಿ ಸಾಕ್ಷರತಾ ತರಗತಿ ನಡೆಸಿತು, ಹೊಸದಾಗಿ ಓದು ಕಲಿತವರಿಗೆಂದು ಪುಸ್ತಕ, ಪತ್ರಿಕೆ ತಂದಿತು, ನಂಜನಗೂಡು ಮೊದಲಾದ ಕಡೆ ವಿದ್ಯಾಪೀಠಗಳನ್ನು ಕಟ್ಟಿತು. ಡೆನ್ಮಾರ್ಕಿನ ಜಾನಪದ ಪ್ರೌಢಶಾಲೆಗಳನ್ನು ನೋಡಿ ರೂಪಿಸಿದ ಆ ವಿದ್ಯಾಪೀಠಗಳಲ್ಲಿ ರೈತ ಯುವಕರು ಕೆಲವು ತಿಂಗಳು ಒಟ್ಟಿಗೆ ಇದ್ದು ಬೇಸಾಯ, ಊರ ಆಡಳಿತ, ಆರೋಗ್ಯದ ವಿಷಯ ಕಲಿಯುತ್ತಿದ್ದರು.

1978ರ ಅಕ್ಟೋಬರ್ 2ರಂದು ಕೇಂದ್ರ ಸರ್ಕಾರ ರಾಷ್ಟ್ರೀಯ ವಯಸ್ಕರ ಶಿಕ್ಷಣ ಕಾರ್ಯಕ್ರಮವನ್ನು ಆರಂಭಿಸಿತು. 15ರಿಂದ 35 ವಯಸ್ಸಿನ 10 ಕೋಟಿ ಜನರಿಗೆ ಐದು ವರ್ಷದಲ್ಲಿ ಅಕ್ಷರ ಕಲಿಸುವ ಗುರಿ ಅದರದು. ಆ ವಯಸ್ಸಿನವರೆಂದರೆ ಶಾಲೆಗೆ ಹೋಗುವ ಮಕ್ಕಳ ತಂದೆತಾಯಿಗಳೇ ತಾನೇ? ನಮ್ಮ ಶಾಲೆಯ ಮೊದಲ ತಂಡಗಳ ಹಳೆಯ ವಿದ್ಯಾರ್ಥಿಗಳಿಗೆ ಆ ರಾತ್ರಿ ಶಾಲೆಗಳ ನೆನಪಿರಬಹುದು. ಲಾಟೀನಿನ ಸುತ್ತ ಕೂತು ಸ್ಲೇಟು ಹಿಡಿದ ದೊಡ್ಡವರು, ದಿನವಿಡೀ ದುಡಿದು ಬಂದು ಅರ್ಧ ಪಾಠಕ್ಕೇ ತೂಕಡಿಸುತ್ತಿದ್ದವರು. ಬಹಳ ಜನ ನಡುವೆಯೇ ಬಿಟ್ಟರು. ಸೀಮೆಎಣ್ಣೆ ತೀರಿದ ದಿನ ತರಗತಿಯೂ ಮುಗಿಯುತ್ತಿತ್ತು.

1988ರ ಮೇ 5ರಂದು ರಾಷ್ಟ್ರೀಯ ಸಾಕ್ಷರತಾ ಮಿಷನ್ ಶುರುವಾದ ಮೇಲೆ ಈ ಕೆಲಸಕ್ಕೆ ಬೇರೆಯೇ ಹುರುಪು ಬಂತು. 1990ರ ಫೆಬ್ರವರಿಯಲ್ಲಿ ಕೇರಳದ ಎರ್ನಾಕುಲಂ ದೇಶದ ಮೊದಲ ಸಂಪೂರ್ಣ ಸಾಕ್ಷರ ಜಿಲ್ಲೆ ಎನಿಸಿತು. ನಮ್ಮಲ್ಲಿ ದಕ್ಷಿಣ ಕನ್ನಡ, ವಿಜಾಪುರ ಮೊದಲಾದ ಜಿಲ್ಲೆಗಳಲ್ಲಿ ಆಂದೋಲನ ನಡೆಯಿತು. ಜಾಥಾ, ಬೀದಿ ನಾಟಕ, ಹಾಡು, ಸಂಬಳವಿಲ್ಲದ ಸ್ವಯಂಸೇವಕರು. ಎಷ್ಟೋ ಮನೆಗಳಲ್ಲಿ ಹೈಸ್ಕೂಲು ಓದುವ ಮಗಳೇ ತಾಯಿಗೆ ಗುರುವಾದಳು. 1991ರಲ್ಲಿ ರಾಜ್ಯದ ಮಹಿಳಾ ಸಾಕ್ಷರತೆ ಶೇಕಡ 44.34 ಇದ್ದದ್ದು 2001ರಲ್ಲಿ 56.87ಕ್ಕೆ, 2011ರಲ್ಲಿ 68.08ಕ್ಕೆ ಏರಿತು. ಇದರಲ್ಲಿ ಹೆಚ್ಚಿನ ಪಾಲು ಮಕ್ಕಳ ಶಾಲೆಗಳದು, ನಿಜ. ಆದರೆ ಹೆಬ್ಬೆಟ್ಟು ಬಿಟ್ಟು ರುಜು ಹಾಕಿದ ತಾಯಂದಿರೂ ಅದರಲ್ಲಿ ಇದ್ದಾರೆ.

ಅಕ್ಷರದಿಂದ ಹೊಟ್ಟೆ ತುಂಬುತ್ತದೆಯೇ ಎಂದು ಕೇಳಿದವರಿಗೆ ಒಂದು ಉತ್ತರ ಪಕ್ಕದ ಆಂಧ್ರದಿಂದ ಬಂತು. ನೆಲ್ಲೂರು ಜಿಲ್ಲೆಯ ದೂಬಗುಂಟ ಎಂಬ ಹಳ್ಳಿಯಲ್ಲಿ 1990ರ ದಶಕದ ಆರಂಭದಲ್ಲಿ ಸಾಕ್ಷರತಾ ತರಗತಿಗೆ ಬಂದ ಕೂಲಿ ಹೆಂಗಸರು, ಸಾರಾಯಿಂದ ಹಾಳಾದ ಸಂಸಾರದ ಪಾಠವೊಂದನ್ನು ಓದುತ್ತಾ ತಮ್ಮ ಮನೆಯ ಲೆಕ್ಕವನ್ನೇ ಮಾತಾಡತೊಡಗಿದರು. ಗಂಡಂದಿರ ಕೂಲಿ ಎಲ್ಲಿಗೆ ಹೋಗುತ್ತಿದೆ ಎಂಬ ಲೆಕ್ಕ ಅದು. ಒಟ್ಟಾಗಿ ನಿಂತು ಊರಿಗೆ ಸಾರಾಯಿ ಬಾರದಂತೆ ತಡೆದರು. ಅದು ಜಿಲ್ಲೆಗೆ, ಆಮೇಲೆ ರಾಜ್ಯಕ್ಕೆ ಹಬ್ಬಿ, 1993ರಲ್ಲಿ ಆಂಧ್ರ ಸರ್ಕಾರ ಸಾರಾಯಿಯನ್ನು ನಿಷೇಧಿಸಬೇಕಾಯಿತು. ನಮ್ಮ ರಾಜ್ಯದಲ್ಲಿ ಸಾರಾಯಿ ನಿಂತದ್ದು 2007ರ ಜುಲೈ 1ರಿಂದ. ದೂಬಗುಂಟದ ತಾಯಂದಿರಿಗೆ ಕುಡಿತ ಕೆಟ್ಟದ್ದು ಎಂದು ಯಾರೂ ಹೊಸದಾಗಿ ಹೇಳಿಕೊಡಬೇಕಿರಲಿಲ್ಲ. ತಮಗೆ ಗೊತ್ತಿದ್ದ ಕಷ್ಟವನ್ನು ಹತ್ತು ಜನರ ಮುಂದೆ ಇಡಲು ಅವರಿಗೊಂದು ಜಾಗ ಬೇಕಿತ್ತು. ತರಗತಿ ಆ ಜಾಗವಾಯಿತು. ಅದೇ ವರ್ಷಗಳಲ್ಲಿ ಮಹಿಳಾ ಸಮಾಖ್ಯಾ ಕಾರ್ಯಕ್ರಮದ ಸಂಘಗಳು ವಿಜಾಪುರ, ಬೀದರ್, ಮೈಸೂರು ಜಿಲ್ಲೆಗಳ ಬಡ ಹೆಂಗಸರಿಗೆ ಇಂಥ ಜಾಗವನ್ನೇ ಒದಗಿಸಿದವು.

ಅಂಗನವಾಡಿಯ ಅಂಗಳದಲ್ಲಿ

ನಮ್ಮ ಶಾಲೆಗೂ ಅಂಗನವಾಡಿಗೂ ಹೆಚ್ಚು ಕಡಿಮೆ ಒಂದೇ ವಯಸ್ಸು. ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಪ್ರಾಯೋಗಿಕವಾಗಿ ಶುರುವಾಯಿತು. ಕರ್ನಾಟಕದಲ್ಲಿ ಅದಕ್ಕೆ ಆರಿಸಿಕೊಂಡದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರವನ್ನು. ಅಂಗನವಾಡಿ ಎಂದರೆ ಮಕ್ಕಳಿಗೆ ಉಪ್ಪಿಟ್ಟು ಕೊಡುವ ಜಾಗ ಎಂದು ಬಹಳ ಜನ ತಿಳಿದಿದ್ದಾರೆ. ಅದರ ಸೇವೆಗಳು ಆರು: ಪೂರಕ ಆಹಾರ, ಶಾಲಾಪೂರ್ವ ಶಿಕ್ಷಣ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಕಾಯಿಲೆಯಾದವರನ್ನು ಆಸ್ಪತ್ರೆಗೆ ಕಳಿಸಿಕೊಡುವುದು, ಮತ್ತು ತಾಯಂದಿರಿಗೆ ಪೌಷ್ಟಿಕತೆ ಹಾಗೂ ಆರೋಗ್ಯದ ಶಿಕ್ಷಣ. ಈ ಆರನೆಯದೇ ನಮ್ಮ ವಿಷಯ. ಹೆತ್ತವರ ಶಿಕ್ಷಣವನ್ನು ಸರ್ಕಾರ ಮೊದಲ ದಿನದಿಂದಲೇ ಒಂದು ಸೇವೆ ಎಂದು ಬರೆದುಕೊಂಡ ದೊಡ್ಡ ಯೋಜನೆ ಇದು.

ಹೆರಿಗೆಯಾದ ಕೂಡಲೇ ಬರುವ ಗಿಣ್ಣುಹಾಲನ್ನು ಹಿಂಡಿ ಚೆಲ್ಲಬಾರದು, ಅದೇ ಮಗುವಿಗೆ ಮೊದಲ ರಕ್ಷೆ. ಆರು ತಿಂಗಳು ತುಂಬುವವರೆಗೆ ಎದೆಹಾಲು ಮಾತ್ರ, ಆಮೇಲೆ ಅದರ ಜೊತೆಗೆ ಮೆತ್ತಗಿನ ಊಟ. ಭೇದಿಯಾದರೆ ನೀರು ನಿಲ್ಲಿಸಬಾರದು, ಉಪ್ಪು ಸಕ್ಕರೆ ಬೆರೆಸಿದ ನೀರನ್ನು ಮತ್ತೆ ಮತ್ತೆ ಕುಡಿಸಬೇಕು. ಇಂಥ ನಾಲ್ಕು ಮಾತುಗಳು ಎಷ್ಟು ಕೂಸುಗಳನ್ನು ಉಳಿಸಿವೆಯೋ ಲೆಕ್ಕವಿಟ್ಟವರಿಲ್ಲ. ಈ ಮಾತುಗಳನ್ನು ಹೇಳಿದವಳು ಅದೇ ಊರಿನ, ಅದೇ ಕೇರಿಯ ಅಂಗನವಾಡಿ ಕಾರ್ಯಕರ್ತೆ. ಹೇಳುವವಳ ಮನೆಯಲ್ಲೂ ಕೂಸಿತ್ತು, ಅವಳೂ ನಲ್ಲಿಯ ಮುಂದೆ ಕೊಡ ಹಿಡಿದು ಸಾಲಿನಲ್ಲಿ ನಿಲ್ಲುತ್ತಿದ್ದಳು. ಆದ್ದರಿಂದ ಅವಳ ಮಾತಿಗೆ ಬೆಲೆ ಬಂತು.

ಇನ್ನೊಂದು ಕಾರಣವೂ ಇದೆ. ‘ಮಗುವಿಗೆ ಪೌಷ್ಟಿಕ ಆಹಾರ ಕೊಡಿ’ ಎಂದು ಹೇಳಿ ಎದ್ದು ಹೋಗುವವರು ಬೇರೆ. ಹೇಳಿದ ಮೇಲೆ ಒಂದಿಷ್ಟು ಕಾಳು, ಒಂದು ಮೊಟ್ಟೆ, ಒಂದು ಲೋಟ ಹಾಲನ್ನೂ ಕೈಗಿಡುವವರು ಬೇರೆ. ಬರೀ ಉಪದೇಶ ಬಡ ತಾಯಿಗೆ ಅವಮಾನದಂತೆ ಕೇಳಿಸುತ್ತದೆ. ತನ್ನ ಕೂಸಿಗೆ ಏನು ಬೇಕೆಂದು ಅವಳಿಗೆ ಗೊತ್ತಿಲ್ಲದೆ ಅಲ್ಲ, ಮಡಿಲಲ್ಲಿ ಕಾಸಿಲ್ಲ. ಅದೇ ಮಾತು ಆಹಾರದೊಂದಿಗೆ ಬಂದಾಗ ಅದು ಆಸರೆಯಾಗುತ್ತದೆ. 2017ರ ಅಕ್ಟೋಬರ್ 2ರಂದು ರಾಜ್ಯದಲ್ಲಿ ಶುರುವಾದ ಮಾತೃಪೂರ್ಣ ಯೋಜನೆಯಲ್ಲಿ ಗರ್ಭಿಣಿಯರು, ಬಾಣಂತಿಯರು ಅಂಗನವಾಡಿಗೇ ಬಂದು ಬಿಸಿಯೂಟ ಮಾಡುವ ಏರ್ಪಾಡಾಯಿತು. ಊಟದ ಜೊತೆಗೆ ನಾಲ್ಕು ಹೆಂಗಸರು ಒಂದೆಡೆ ಕೂತು ಮಾತಾಡುವುದೂ ಆಯಿತು.

ಹಾಗಾದರೆ ಆಹಾರವೊಂದನ್ನು ಕೊಟ್ಟರೆ ಸಾಕೇ? ಈ ಪ್ರಶ್ನೆಗೆ ಸರಿಯಾದ ಪರೀಕ್ಷೆ ನಡೆದದ್ದು ಬಹುದೂರದ ಜಮೈಕಾ ದೇಶದಲ್ಲಿ. ಅದರ ರಾಜಧಾನಿ ಕಿಂಗ್‌ಸ್ಟನ್ನಿನ ಬಡ ಬಡಾವಣೆಗಳಲ್ಲಿ 1986–87ರಲ್ಲಿ ಸ್ಯಾಲಿ ಗ್ರಂಥಮ್ ಮೆಕ್‌ಗ್ರೆಗರ್ ಎಂಬ ವೈದ್ಯೆ ಮತ್ತು ಅವರ ಸಂಗಡಿಗರು ವಯಸ್ಸಿಗೆ ತಕ್ಕ ಎತ್ತರ ಬೆಳೆಯದ 129 ಎಳೆಯ ಮಕ್ಕಳನ್ನು ಆರಿಸಿಕೊಂಡರು. ಕೆಲವರಿಗೆ ಪೂರಕ ಆಹಾರ ಕೊಟ್ಟರು. ಕೆಲವರ ಮನೆಗೆ ಆರೋಗ್ಯ ಸಹಾಯಕಿ ವಾರಕ್ಕೊಮ್ಮೆ ಹೋಗಿ, ಮಗುವಿನೊಂದಿಗೆ ಹೇಗೆ ಆಡಬೇಕು, ಮಾತಾಡಬೇಕು ಎಂದು ತಾಯಿಗೆ ತೋರಿಸಿಕೊಟ್ಟಳು. ಆಟಿಕೆಗಳೆಂದರೆ ಮನೆಯಲ್ಲೇ ಸಿಗುವ ಸಾಮಾನಿನಿಂದ ಮಾಡಿದವು. ಕೆಲವರಿಗೆ ಎರಡನ್ನೂ ಒದಗಿಸಿದರು, ಕೆಲವರಿಗೆ ಯಾವುದನ್ನೂ ಒದಗಿಸಲಿಲ್ಲ. ಇದು ಎರಡು ವರ್ಷ ನಡೆಯಿತು. ಇಪ್ಪತ್ತು ವರ್ಷದ ನಂತರ ಹುಡುಕಿ ನೋಡಿದಾಗ, ಯಾರ ತಾಯಿಗೆ ಈ ಪಾಠ ಸಿಕ್ಕಿತ್ತೋ ಆ ಮಕ್ಕಳು ದೊಡ್ಡವರಾಗಿ ಉಳಿದವರಿಗಿಂತ ಸುಮಾರು ಶೇಕಡ 25ರಷ್ಟು ಹೆಚ್ಚು ಸಂಪಾದಿಸುತ್ತಿದ್ದರು. ಆಹಾರ ಮಾತ್ರ ಪಡೆದವರಲ್ಲಿ ಈ ವ್ಯತ್ಯಾಸ ಕಾಣಲಿಲ್ಲ.

ಹಸಿದ ಮಗುವಿಗೆ ಅನ್ನ ಬೇಡ ಎಂದು ಇದರ ಅರ್ಥವಲ್ಲ. ಅನ್ನ ಕೊಟ್ಟು ತಾಯಿಯನ್ನು ಮರೆತರೆ ಕೆಲಸ ಅರ್ಧವೇ ಆದಂತೆ ಎಂದು ಅರ್ಥ. ಮಗುವಿನ ಮೊದಲ ಗುರು ಅವಳು. ಆ ಗುರುವಿನ ಕೈಗೆ ಧೈರ್ಯ ಕೊಡುವುದೇ ಹೆತ್ತವರ ಶಿಕ್ಷಣ.

‘ಓದಿಸುವ ಮನಸ್ಸಿಲ್ಲ’ ಎಂಬ ಮಾತು

ಇಲ್ಲಿ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ನಾನು ಈ ಶಾಲೆಗೆ ಸಹಶಿಕ್ಷಕನಾಗಿ ಬಂದ ಹೊಸದರಲ್ಲಿ, ಒಂಬತ್ತನೆಯ ತರಗತಿಯ ಹುಡುಗನೊಬ್ಬ ಹತ್ತು ಹನ್ನೆರಡು ದಿನ ಬರಲಿಲ್ಲ. ಒಂದು ಸಂಜೆ ಅವನ ಮನೆ ಹುಡುಕಿಕೊಂಡು ಕೇರಿಗೆ ಹೋದೆ. ಹುಡುಗ ಆಲೆಮನೆ ಕೆಲಸಕ್ಕೆ ಹೋಗಿದ್ದ. ತಂದೆ ಕಾಲಿಗೆ ಪಟ್ಟಿ ಕಟ್ಟಿಕೊಂಡು ಜಗಲಿಯ ಮೇಲೆ ಮಲಗಿದ್ದರು. ನಾನು ನಿಂತಲ್ಲೇ ವಿದ್ಯೆಯ ಮಹತ್ವದ ಬಗ್ಗೆ ಒಂದು ಸಣ್ಣ ಭಾಷಣ ಮಾಡಿ, ‘ನಿಮಗೆ ಮಗನನ್ನು ಓದಿಸುವ ಮನಸ್ಸೇ ಇಲ್ಲ’ ಎಂದುಬಿಟ್ಟೆ.

ತಾಯಿ ಮಾತಾಡಲಿಲ್ಲ. ಒಳಗೆ ಹೋಗಿ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ ಗಂಟೊಂದನ್ನು ತಂದು ಬಿಚ್ಚಿದರು. ಒಂದನೆಯ ತರಗತಿಯಿಂದ ಅಲ್ಲಿಯವರೆಗಿನ ಹುಡುಗನ ಅಂಕಪಟ್ಟಿಗಳೆಲ್ಲ ಅದರಲ್ಲಿದ್ದವು.

‘ಇದ್ರಲ್ಲಿ ಏನ್ ಬರ್ದವ್ರೆ ಅಂತ ನಂಗೊತ್ತಿಲ್ಲ ಮೇಷ್ಟ್ರೆ. ಒಂದ್ನೂ ಕಳ್ದಿಲ್ಲ’ ಎಂದರು.

ಆಮೇಲೆ ಸಂಗತಿ ತಿಳಿಯಿತು. ತಂದೆಯ ಕಾಲಿನ ಔಷಧಿಗೆಂದು ಆಲೆಮನೆಯಿಂದ ಮುಂಗಡ ತಂದಿದ್ದರು. ತೀರಿಸಲು ಹೋಗಬೇಕಾದವರು ಮಲಗಿದ್ದರು, ಮಗ ಹೋಗಿದ್ದ. ಮನಸ್ಸಿನ ಕೊರತೆ ಆ ಮನೆಯಲ್ಲಿ ಇರಲಿಲ್ಲ. ಕೆಲವು ನೂರು ರೂಪಾಯಿಗಳ ಕೊರತೆ ಇತ್ತು, ಅದನ್ನು ಯಾರ ಹತ್ತಿರ ಹೇಳಿಕೊಳ್ಳಬೇಕು ಎಂಬುದರ ಕೊರತೆ ಇತ್ತು. ಮುಖ್ಯೋಪಾಧ್ಯಾಯರೂ ಊರ ಇಬ್ಬರು ಹಿರಿಯರೂ ಮಾತಾಡಿದ ಮೇಲೆ ಹುಡುಗ ವಾಪಸ್ಸು ಬಂದ. ಹಾಗೆ ಬಾರದೆ ಹೋದವರ ಸಂಖ್ಯೆ ದೊಡ್ಡದು. ಅವರ ಹೆಸರಿನ ಮುಂದೆ ನಾವು ‘ದೀರ್ಘ ಗೈರುಹಾಜರಿ’ ಎಂದು ಬರೆದು ಕೆಂಪು ಗೆರೆ ಎಳೆದೆವು. ಕಾರಣ ಬರೆಯುವ ಅಂಕಣ ಆ ಪುಸ್ತಕದಲ್ಲಿತ್ತು. ಅದನ್ನು ಕೇಳಿ ತಿಳಿದು ತುಂಬಿದ್ದು ಕಡಿಮೆ.

ನನ್ನಂಥ ಮೇಷ್ಟರುಗಳ ಈ ತಪ್ಪು ತಿಳಿವಳಿಕೆ ಇಡೀ ದೇಶದ್ದೇ ಆಗಿತ್ತು ಎಂದು ಮುಂದೆ ಓದಿ ತಿಳಿದೆ. ಅರ್ಥಶಾಸ್ತ್ರಜ್ಞ ಜೀನ್ ಡ್ರೆಜ್ ಮತ್ತು ಸಂಗಡಿಗರು 1996ರಲ್ಲಿ ಉತ್ತರ ಭಾರತದ ಹಿಂದುಳಿದ ರಾಜ್ಯಗಳ ಹಳ್ಳಿಗಳಲ್ಲಿ ಸಮೀಕ್ಷೆ ನಡೆಸಿ 1999ರಲ್ಲಿ ‘ಪ್ರೋಬ್’ ವರದಿಯನ್ನು ಪ್ರಕಟಿಸಿದರು. ಗಂಡುಮಕ್ಕಳಿಗೆ ವಿದ್ಯೆ ಮುಖ್ಯ ಎಂದ ಹೆತ್ತವರು ಶೇಕಡ 98, ಹೆಣ್ಣುಮಕ್ಕಳಿಗೆ ಮುಖ್ಯ ಎಂದವರು ಶೇಕಡ 89. ಬಡವರಿಗೆ ವಿದ್ಯೆಯಲ್ಲಿ ಆಸಕ್ತಿಯಿಲ್ಲ ಎಂಬುದು ಕಟ್ಟುಕಥೆ ಎಂದು ಆ ವರದಿ ತೋರಿಸಿಕೊಟ್ಟಿತು. ಆಸಕ್ತಿ ಇತ್ತು. ಹತ್ತಿರದಲ್ಲಿ ಶಾಲೆ, ಶಾಲೆಯಲ್ಲಿ ಪಾಠ, ಪಾಠಕ್ಕೆ ಬೇಕಾದ ಖರ್ಚು, ಇವು ಇರಲಿಲ್ಲ.

ಈ ನಂಬಿಕೆಯನ್ನೇ ಕೆಲಸವಾಗಿ ಮಾಡಿ ತೋರಿಸಿದವರು ಆಂಧ್ರದ ರಂಗಾರೆಡ್ಡಿ ಜಿಲ್ಲೆಯಲ್ಲಿ ಶಾಂತಾ ಸಿನ್ಹಾ ಮತ್ತು ಎಂ.ವಿ. ಪ್ರತಿಷ್ಠಾನದವರು. 1990ರ ದಶಕದಲ್ಲಿ ಅವರು ಮನೆಮನೆಗೆ ಹೋಗಿ ಹೆತ್ತವರೊಂದಿಗೆ, ಧಣಿಗಳೊಂದಿಗೆ, ಮೇಷ್ಟರುಗಳೊಂದಿಗೆ ಮಾತಾಡಿದರು. ಕೂಲಿಯಲ್ಲಿದ್ದ ಮಕ್ಕಳನ್ನು ಶಿಬಿರಗಳಲ್ಲಿ ಓದಿಸಿ, ಅವರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿದರು. ಅಪ್ಪ ಅಮ್ಮಂದಿರನ್ನು ಬೈಯುವುದರ ಬದಲು ‘ನೀವು ಬಿಡಿ, ನಾವು ಜೊತೆಗಿದ್ದೇವೆ’ ಎಂದರು. ಮಕ್ಕಳು ಬಂದರು. ಶಾಂತಾ ಸಿನ್ಹಾ ಅವರಿಗೆ 2003ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು.

ಶಾಲೆಯಲ್ಲಿ ಹೆತ್ತವರಿಗೊಂದು ಕುರ್ಚಿ

ಹೊಸ ಶತಮಾನದಲ್ಲಿ ಎರಡು ದಿಕ್ಕಿನಿಂದ ಬದಲಾವಣೆ ಬಂತು. ಒಂದು, ಹೊರೆ ಇಳಿಸುವ ಯೋಜನೆಗಳು. 2001ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಬೇಕೆಂದು ಆದೇಶಿಸಿತು. 2002ರಲ್ಲಿ ನಮ್ಮ ರಾಜ್ಯದ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಶುರುವಾಗಿ ಎಲ್ಲ ಕಡೆಗೂ ಹರಡಿತು, ಮುಂದೆ ಪ್ರೌಢಶಾಲೆಗೂ ಬಂತು. 2006–07ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಬಂತು. ಮೂರು ನಾಲ್ಕು ಮೈಲಿ ದೂರದ ಹಳ್ಳಿಯ ತಾಯಿಗೆ ‘ಹೆಣ್ಣುಮಗಳನ್ನು ಓದಿಸಿ’ ಎಂಬ ನೂರು ಭಾಷಣಕ್ಕಿಂತ ಆ ಒಂದು ಸೈಕಲ್ ಹೆಚ್ಚು ಧೈರ್ಯ ಕೊಟ್ಟಿತು.

ಎರಡನೆಯದು ಇನ್ನೂ ಮುಖ್ಯ. 2001ರ ಏಪ್ರಿಲ್ 28ರ ಸರ್ಕಾರಿ ಆದೇಶದಂತೆ ಸರ್ಕಾರಿ ಶಾಲೆಗಳಿಗೆ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್.ಡಿ.ಎಂ.ಸಿ., ಬಂತು. ಊರ ಪ್ರಮುಖರ ಕೈಯಲ್ಲಿದ್ದ ಸಮಿತಿಯ ಜಾಗದಲ್ಲಿ, ಆ ಶಾಲೆಯಲ್ಲಿ ಓದುವ ಮಕ್ಕಳ ತಂದೆತಾಯಿಗಳೇ ಆರಿಸಿದ ಪ್ರತಿನಿಧಿಗಳು ಕೂತರು. 2009ರ ಶಿಕ್ಷಣ ಹಕ್ಕು ಕಾಯಿದೆ ಇದನ್ನು ದೇಶದ ಕಾನೂನನ್ನಾಗಿ ಮಾಡಿತು. ಎಂಟನೆಯ ತರಗತಿಯವರೆಗಿನ ಸರ್ಕಾರಿ ಶಾಲೆಯ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಭಾಗ ಹೆತ್ತವರೇ ಇರಬೇಕು, ಅರ್ಧದಷ್ಟು ಸದಸ್ಯರು ಮಹಿಳೆಯರಾಗಿರಬೇಕು, ದುರ್ಬಲ ವರ್ಗದವರಿಗೆ ಅವರ ಸಂಖ್ಯೆಗೆ ತಕ್ಕ ಸ್ಥಾನ ಸಿಗಬೇಕು. 1913ರಲ್ಲಿ, 1961ರಲ್ಲಿ ದಂಡ ಕಟ್ಟುವವರಾಗಿದ್ದ ತಂದೆತಾಯಿಗಳು ಈಗ ಶಾಲೆಯ ಲೆಕ್ಕ ಕೇಳುವವರಾದರು.

ಕಾಗದದ ಮೇಲೆ ಬಂದದ್ದೆಲ್ಲ ನಡೆಯಿತೆಂದು ಹೇಳಲಾರೆ. ಸಭೆಯನ್ನು ಬೆಳಿಗ್ಗೆ ಹನ್ನೊಂದಕ್ಕೆ ಕರೆಯುತ್ತೇವೆ. ಅದು ಕೂಲಿಯವರು ಹೊಲದಲ್ಲಿರುವ ಹೊತ್ತು. ಬಂದರೆ ಆ ದಿನದ ಕೂಲಿ ಹೋಗುತ್ತದೆ, ಬಾರದಿದ್ದರೆ ‘ಇವರಿಗೆ ಜವಾಬ್ದಾರಿಯಿಲ್ಲ’ ಎನ್ನುತ್ತೇವೆ. ಬಂದವರಿಗೂ ನಡಾವಳಿ ಪುಸ್ತಕದಲ್ಲಿ ರುಜು ಮಾಡುವ ಕೆಲಸ ಬಿಟ್ಟರೆ ಬೇರೇನೂ ಇರುವುದಿಲ್ಲ. ತಾಯಿ ಸದಸ್ಯೆಯ ಬದಲು ಅವರ ಯಜಮಾನರು ಬಂದು ಕೂತದ್ದನ್ನೂ ನೋಡಿದ್ದೇನೆ. ಹಾಗಿದ್ದರೂ ಆ ಕುರ್ಚಿಯಲ್ಲಿ ಕೂತು ಒಮ್ಮೆ ‘ಅಡುಗೆಗೆ ಬೇಳೆ ಕಮ್ಮಿ ಯಾಕೆ?’ ಎಂದು ಕೇಳಿದ ತಾಯಿ, ಮುಂದೆ ಪಂಚಾಯಿತಿಯಲ್ಲೂ ಕೇಳುತ್ತಾರೆ, ಬ್ಯಾಂಕಿನಲ್ಲೂ ಕೇಳುತ್ತಾರೆ. ಅದೂ ಒಂದು ಶಿಕ್ಷಣವೇ.

ಇನ್ನು ಮುಂದೆ

ಇಷ್ಟು ವರ್ಷದ ಈ ಕಥೆಯಿಂದ ನನಗೆ ತಿಳಿದದ್ದು ಇಷ್ಟು. ಬಡ ಹೆತ್ತವರಿಗೆ ದಂಡ ಹಾಕಿದಾಗ ಅವರು ಶಾಲೆಗೆ ಹೆದರಿದರು. ಉಪದೇಶ ಮಾಡಿದಾಗ ತಲೆ ತಗ್ಗಿಸಿ ಕೇಳಿ ಎದ್ದು ಹೋದರು. ತಿಳಿವಳಿಕೆಯ ಜೊತೆಗೆ ಆಸರೆಯನ್ನೂ, ಆಸರೆಯ ಜೊತೆಗೆ ಮರ್ಯಾದೆಯನ್ನೂ ಕೊಟ್ಟಾಗ ಮಕ್ಕಳನ್ನು ಕೈಹಿಡಿದು ಕರೆದುತಂದರು. ಹೆತ್ತವರು ಕಲಿತದ್ದು ನಿಜ. ಅವರಿಗೆ ಹೇಗೆ ಕಲಿಸಬೇಕೆಂದು ಶಾಲೆಯೂ ತಡವಾಗಿ ಕಲಿಯಿತು.

ಸಂವಿಧಾನಕ್ಕೆ 2002ರಲ್ಲಿ ಮಾಡಿದ 86ನೆಯ ತಿದ್ದುಪಡಿ 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣವನ್ನು ಹಕ್ಕಾಗಿ ಕೊಟ್ಟಿತು, ಜೊತೆಗೆ ಆ ಅವಕಾಶ ಒದಗಿಸುವುದು ಹೆತ್ತವರ ಕರ್ತವ್ಯ ಎಂದೂ ಸೇರಿಸಿತು. ಕರ್ತವ್ಯ ಹೊರಿಸಿದ ಮೇಲೆ ಅದನ್ನು ಹೊರಲು ಹೆಗಲು ಕೊಡುವುದು ಸಮಾಜದ ಕೆಲಸ. 14 ವರ್ಷ ಎಂದರೆ ನಮ್ಮ ಶಾಲೆಯ ಎಂಟು ಒಂಬತ್ತನೆಯ ತರಗತಿ. ಮಗು ಕೈತಪ್ಪಿ ಹೋಗುವುದು ಹೆಚ್ಚಾಗಿ ಅದಾದ ಮೇಲೆಯೇ. ಹುಡುಗ ಗಾರೆ ಕೆಲಸಕ್ಕೆ ಪಟ್ಟಣಕ್ಕೆ ಹೋಗುತ್ತಾನೆ. ಹುಡುಗಿಗೆ ಸಂಬಂಧ ನೋಡುತ್ತಾರೆ. 18 ತುಂಬದೆ ಮದುವೆ ಮಾಡುವುದು 2006ರ ಕಾಯಿದೆಯಂತೆ ಅಪರಾಧ ಎಂದು ಹೇಳುವುದು ಬೇಕು. ಆದರೆ ಮುಂದಿನ ಓದಿಗೆ ಯಾವ ಹಾಸ್ಟೆಲಿದೆ, ಯಾವ ವಿದ್ಯಾರ್ಥಿವೇತನವಿದೆ, ಬಸ್ ಪಾಸಿಗೆ ಎಲ್ಲಿ ಹೋಗಬೇಕು ಎಂದು ಕೂತು ಹೇಳಿದರೆ ಆ ಮಾತಿಗೆ ಬಲ ಬರುತ್ತದೆ.

ಆದ್ದರಿಂದ ಹಳೆಯ ವಿದ್ಯಾರ್ಥಿಗಳಲ್ಲಿ ನನ್ನದೊಂದು ಕೋರಿಕೆ. ಸುವರ್ಣ ಮಹೋತ್ಸವದ ನೆನಪಿಗೆ ರಂಗಮಂದಿರ ಕಟ್ಟಿಸುವ, ಗೇಟು ಹಾಕಿಸುವ ಮಾತು ನಡೆದಿದೆ. ಆಗಲಿ. ಅದರ ಜೊತೆಗೆ ಹಣ ಹೆಚ್ಚು ಬೇಡದ ಒಂದು ಕೆಲಸವನ್ನೂ ಮಾಡೋಣ. ಎರಡು ತಿಂಗಳಿಗೊಮ್ಮೆ ಪೋಷಕರ ಸಭೆಯನ್ನು ಶಾಲೆಯಲ್ಲಿ ಕರೆಯುವ ಬದಲು, ಕೆಲಸ ಬಿಟ್ಟು ಬಂದ ಸಂಜೆ ಹೊತ್ತಿನಲ್ಲಿ, ಒಂದೊಂದು ಸಲ ಒಂದೊಂದು ಕೇರಿಯಲ್ಲಿ ನಡೆಸೋಣ. ಮೊದಲು ಮಾತಾಡುವವರು ತಾಯಂದಿರಾಗಲಿ, ಕೊನೆಯಲ್ಲಿ ಮೇಷ್ಟರುಗಳು ಮಾತಾಡಲಿ. ಪ್ರತಿ ಮಗುವಿನ ಅಂಕಪಟ್ಟಿಯನ್ನು ಹೆತ್ತವರ ಪಕ್ಕದಲ್ಲಿ ಕೂತು, ಅವರಿಗೆ ಅರ್ಥವಾಗುವ ಹಾಗೆ, ನಾಲ್ಕು ಜನರ ಮುಂದೆ ಅವಮಾನವಾಗದ ಹಾಗೆ ಓದಿ ಹೇಳೋಣ. ಜಾತಿ, ಆದಾಯ ಪ್ರಮಾಣಪತ್ರ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ, ಮೊಬೈಲಿನಲ್ಲಿ ವಿದ್ಯಾರ್ಥಿವೇತನದ ಅರ್ಜಿ, ಇವುಗಳ ಮುಂದೆ ಇಂದಿನ ಬಡ ತಾಯಿ, ಅಂದಿನ ತಾಯಿ ಅಂಕಪಟ್ಟಿಯ ಮುಂದೆ ಕೂತ ಹಾಗೆಯೇ ಕೂತಿದ್ದಾರೆ. ಓದಿ ಉದ್ಯೋಗದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಗಳು ಇಬ್ಬಿಬ್ಬರಂತೆ ಸರದಿಯ ಮೇಲೆ ಬಂದು ಈ ಅರ್ಜಿಗಳನ್ನು ತುಂಬಿಕೊಟ್ಟರೆ, ತುಂಬುವುದನ್ನು ಕಲಿಸಿಕೊಟ್ಟರೆ, ಅದಕ್ಕಿಂತ ದೊಡ್ಡ ಗುರುದಕ್ಷಿಣೆ ಬೇಡ.

ಕಚೇರಿಯಲ್ಲಿ ಈಗಿನ ದಾಖಲಾತಿ ಪುಸ್ತಕವನ್ನೂ ನೋಡಿದೆ. ತಾಯಿಯ ಹೆಸರಿಗೆ ಅಂಕಣ ಬಂದಿದೆ. ಉದ್ಯೋಗದ ಅಂಕಣದಲ್ಲಿ ಗಾರ್ಮೆಂಟ್ಸ್, ಡ್ರೈವರ್, ಅಂಗನವಾಡಿ ಸಹಾಯಕಿ ಎಂಬ ಪದಗಳು ಸೇರಿವೆ. ಕೂಲಿ ಎಂಬ ಪದ ಇನ್ನೂ ಇದೆ. ಆ ಪದ ಬರೆದ ಸಾಲಿನಲ್ಲಿರುವ ತಂದೆತಾಯಿಗಳೂ ತಮ್ಮ ಮನೆಯಲ್ಲಿ ಎಲ್ಲೋ ಒಂದು ಗಂಟಿನಲ್ಲಿ ಮಕ್ಕಳ ಅಂಕಪಟ್ಟಿಗಳನ್ನು ಕಳೆಯದೆ ಇಟ್ಟಿರುತ್ತಾರೆ. ಮುಂದಿನ ಐವತ್ತು ವರ್ಷದ ಕೆಲಸವನ್ನು ನಾವು ಅಲ್ಲಿಗೆ ಹೋಗಿ, ಅವರ ಪಕ್ಕದಲ್ಲಿ ಕೂತು, ಅದನ್ನು ಓದಿ ಹೇಳುವುದರಿಂದ ಶುರು ಮಾಡೋಣ.